ಮೊಸರಿನ ಅಭಿಷೇಕ ಮಾಡಿಸಿಕೊಂಡ ಕಪ್ಪು ಕಾರಿಗೆ ಬಿನ್ನಹ

ಶ್ರೀಮದ್ ಅಷ್ಟಸಿಲಿಂಡರಾಧೀಶ್ವರ, ಜರ್ಮನ್ ಕುಲತಿಲಕ, ಚರ್ಮಪೀಠಾಲಂಕೃತ, ಪೆಟ್ರೋಲ್‌ಪಾನಲೋಲ, ಎಚ್ಚರಿಕೆ ದೀಪಮಾಲಾ ವಿಭೂಷಿತ, ತೋಕ್ಮೋಕ್ ಪಟ್ಟಣದ ನಮ್ಮ ಅಂಗಳದಲ್ಲಿ ಅರ್ಧ ಒಳಗೂ ಅರ್ಧ ಹೊರಗೂ ಬಿಜಯಂಗೈದಿರುವ, ಕೃಷ್ಣವರ್ಣದ ಹಿರಿಯ ಕಾರು ಮಹಾಸನ್ನಿಧಾನದ ಚಕ್ರಾರವಿಂದಗಳಿಗೆ,

ಮಾನ್ಯರೇ,

ತಮ್ಮ ನಾಲ್ಕೂ ಚಕ್ರಗಳಿಗೆ, ಮತ್ತು ಡಿಕ್ಕಿಯಲ್ಲಿ ಉಸಿರಿಲ್ಲದೆ ಮಲಗಿರುವ ಐದನೆಯದಕ್ಕೂ ಬೇರೆ ಬೇರೆಯಾಗಿ ನಮಸ್ಕರಿಸಿ, ಈ ಮನೆಯ ಕಿರಿಯ ಮಗನೂ ತಮ್ಮ ಖಾಸಗಿ ವೈದ್ಯನೂ ದಾದಿಯೂ ಕೆಲವೊಮ್ಮೆ ತಮ್ಮಿಂದ ಒದೆ ತಿನ್ನುವವನೂ ಆದ ಕಾಲಿಸ್ ಮಾಡಿಕೊಳ್ಳುವ ಬಿನ್ನಹ. ಯಾರು ಎದುರಾದರೂ ಮೊದಲು ಅವರ ಕುರಿ ಕುದುರೆಗಳ ಆರೋಗ್ಯ, ಆಮೇಲೆ ಮನೆಮಂದಿಯ ಆರೋಗ್ಯ ಕೇಳಿಯೇ ಮಾತು ಮುಂದುವರಿಸುವುದು ನಮ್ಮವರ ಮರ್ಯಾದೆ. ಆದರೆ ತಮ್ಮ ಆರೋಗ್ಯ ಕೇಳಿದರೆ ಅದಕ್ಕೆ ಬರುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಆಯಸ್ಸು ನನಗಿಲ್ಲವಾದ್ದರಿಂದ, ಆ ಮರ್ಯಾದೆಯನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತಿದ್ದೇನೆ, ಕ್ಷಮೆಯಿರಲಿ. ಇದನ್ನು ಬಹಿರಂಗವಾಗಿ ಬರೆದು ಗೇಟಿಗೆ ಅಂಟಿಸುತ್ತಿರುವುದಕ್ಕೂ ಕಾರಣವಿದೆ: ಖಾಸಗಿಯಾಗಿ, ಅಂದರೆ ತಮ್ಮ ಹೊಟ್ಟೆಯಡಿ ಅಂಗಾತ ಮಲಗಿ, ಹೇಳಿದ ಯಾವ ಮಾತನ್ನೂ ತಾವು ಕಿವಿಗೆ ಹಾಕಿಕೊಳ್ಳಲಿಲ್ಲ, ಮತ್ತು ಅದರಲ್ಲಿ ಹೆಚ್ಚಿನದು ಬರೆಯುವಂಥ ಮಾತಲ್ಲ.

ತಾವು ನಮ್ಮ ಮನೆಗೆ ಚಿತ್ತೈಸಿದ ದಿನವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಎಣಿಸುತ್ತ ಮೀಸೆ ಬೆಳ್ಳಗಾಗಿಸಿಕೊಂಡ ನಮ್ಮಪ್ಪ, ಕುಂಡೆ ಬೆಚ್ಚಗಾಗುವ ಸೀಟಿನಲ್ಲಿ ಒಮ್ಮೆಯಾದರೂ ಕೂರದೆ ಸಾಯುವುದಿಲ್ಲ ಎಂದು ಹಟ ಹಿಡಿದು ತಮ್ಮನ್ನು ತಂದರು. ಮಾರಿದವನು ತಾವು ಹಿಂದೆ ಒಬ್ಬ ರಾಯಭಾರಿಯ ಸೇವೆಯಲ್ಲಿದ್ದಿರಿ ಎಂದು ಆಣೆಯಿಟ್ಟು ಹೇಳಿದ. ನಮ್ಮೂರಿನ ಹಳೆಯ ದೊಡ್ಡ ಕಾರುಗಳೆಲ್ಲ ರಾಯಭಾರಿಗಳವೇ ಆಗಿರುವುದರಿಂದ, ಭೂಮಿಯ ಮೇಲೆ ಇರುವ ದೇಶಗಳಿಗಿಂತ ಹೆಚ್ಚು ರಾಯಭಾರಿಗಳು ಇಲ್ಲಿ ಕಾರು ಮಾರಿ ಹೋಗಿದ್ದಾರೆಂದು ತಿಳಿಯುತ್ತದೆ. ತಾವೋ ನಮ್ಮ ಅಂಗಳಕ್ಕಿಂತ ಒಂದು ಮೊಳ ಉದ್ದ. ತಮ್ಮ ಮೂತಿ ಬೀದಿಗೆ ಚಾಚಿಕೊಂಡಿದ್ದು, ಅಂದಿನಿಂದ ಗೇಟು ಮುಚ್ಚಿದ್ದೇ ಇಲ್ಲ. ನಾವೆಲ್ಲ ಬೈಕೆ, ಅಂದರೆ ಅಣ್ಣ, ಎಂದು ಕರೆಯುವ ಪಕ್ಕದ ಮನೆಯ ಸಾಗಿನ್ ಬೈಕೆಯ ಕುರಿಗಳು ನೇರ ಒಳಗೆ ಬಂದು ನಮ್ಮಮ್ಮನ ಕೊತ್ತಂಬರಿ ಮೇಯ್ದು, ಹೋಗುವಾಗ ತಮ್ಮ ಬಂಪರಿಗೆ ಮೈ ಉಜ್ಜಿಕೊಂಡು ಹೋಗುತ್ತವೆ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ, ಇಷ್ಟು ಬೆಲೆಬಾಳುವ ತುರಿಕೆಗಂಬ ಬೇರೆ ಯಾವ ಕುರಿಗಿದೆ ಎಂಬ ಹೆಮ್ಮೆಯಿಂದ ಹೇಳುತ್ತಿದ್ದೇನೆ.

ತಮ್ಮ ವಿನಯವನ್ನಂತೂ ಎಷ್ಟು ಹೊಗಳಿದರೂ ಸಾಲದು. ಸಂಜೆ ಎದೆ ಸೆಟೆಸಿ ನಿಂತವರು ಬೆಳಗಾಗುವಷ್ಟರಲ್ಲಿ ಎಡ ಹಿಂಗಾಲು ಮಡಚಿ, ಒಂಟೆಯಂತೆ ಮಂಡಿಯೂರಿ, ನೆಲಕ್ಕೆ ಹೊಟ್ಟೆ ತಾಗಿಸಿ ಕೂತಿರುತ್ತೀರಿ. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ತಮಗೆ ಗಾಳಿಚೀಲವಂತೆ. ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕಿ, ಆ ಚೀಲವನ್ನು ನಾನೇ ಬದಲಾಯಿಸಿದ ಮರುದಿನ, ಗೆಳೆಯನ ಮೇಲಿನ ಕನಿಕರಕ್ಕೆಂಬಂತೆ ಬಲಗಾಲು ಕುಸಿಯಿತು. ಮುಂದಿನ ಒಂದು ಪುಟ್ಟ ದೀಪ ಬದಲಿಸಲು ತಮ್ಮ ಇಡೀ ಮೋರೆಯನ್ನೇ ಕಳಚಿಡಬೇಕು, ಕಳಚಿದ್ದನ್ನು ಮರಳಿ ಜೋಡಿಸಿದಾಗ ಒಂದು ಹಿಡಿ ಸ್ಕ್ರೂ ಉಳಿಯಬೇಕು, ಉಳಿದದ್ದು ಚಹಾ ಬಟ್ಟಲಿಗೆ ಬೀಳಬೇಕು, ಆ ಬಟ್ಟಲಿಗೆ ನಮ್ಮಮ್ಮ ಕಣ್ಣುತಪ್ಪಿ ಚಹಾ ಸುರಿದು ಅತಿಥಿಗೆ ಕೊಡಬೇಕು. ಇದೆಲ್ಲ ತಮ್ಮನ್ನು ರೂಪಿಸಿದ ಮಹಾನುಭಾವರು ಮೊದಲೇ ಯೋಚಿಸಿಟ್ಟ ಏರ್ಪಾಡೆಂದೇ ನಾನು ನಂಬಿದ್ದೇನೆ. ಸಾಮೂಹಿಕ ಕೃಷಿಯ ಕಾಲದಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುತ್ತಿದ್ದ ಸಾಗಿನ್ ಬೈಕೆ ಬೇಲಿಯ ಮೇಲಿಂದ ಬಗ್ಗಿ ನೋಡಿ, "ಲೋ ಕಾಲಿಸ್, ಟ್ರ್ಯಾಕ್ಟರಿಗೆ ಮೂರು ಕಾಯಿಲೆ, ಮೂರಕ್ಕೂ ಸುತ್ತಿಗೆಯೇ ಮದ್ದು. ಇದು ದೊಡ್ಡೋರ ಮನೆ ಕೂಸು ಕಣೋ, ಸೀನಿದ್ರೂ ಬೇರೆ ಬೇರೆ ಡಾಕ್ಟ್ರು ಬೇಕು" ಎಂದು ಹೇಳಿ, ಮದ್ದು ಇರಲಿ ಎಂದು ಸುತ್ತಿಗೆಯನ್ನೂ ಬೇಲಿಯ ಮೇಲಿಟ್ಟು ಹೋದರು.

ತಮ್ಮ ಅಲಂಕಾರದಲ್ಲೂ ನಾನು ಕೊರತೆ ಮಾಡಿಲ್ಲ. ಗುಜರಿಗೆ ಬಂದ ಕೊರಿಯಾದ ಕಾರೊಂದರಿಂದ ದಾರಿ ತೋರಿಸುವ ಅಗಲವಾದ ಪರದೆಯನ್ನು ತಂದು, ತಮ್ಮ ಎದೆ ಸೀಳಿ, ತಂತಿಗೆ ತಂತಿ ಬೆಸೆದು ಕೂರಿಸಿದೆ. ಅಂದಿನಿಂದ ಪ್ರತಿ ತಿರುವಿನಲ್ಲೂ ಒಳಗಿನ ಹೆಂಗಸು ಕೊರಿಯಾದ ಮಾತಿನಲ್ಲಿ ಏನೋ ಹೇಳುತ್ತಾಳೆ. ನಮ್ಮಜ್ಜಿ ಪ್ರತಿಸಲವೂ "ಹೂಂ ತಾಯಿ, ನಿಮ್ಮ ಮನೇಲೂ ಎಲ್ರೂ ಸುಖವಾಗಿದ್ದಾರಾ?" ಎಂದು ಉತ್ತರ ಕೊಡುತ್ತಾಳೆ. ಒಮ್ಮೆ ಆ ಧ್ವನಿಯನ್ನು ನಾನು ಅಡಗಿಸಿದ್ದಕ್ಕೆ, ಮನೆಗೆ ಬಂದ ಹೆಣ್ಣುಮಗಳ ಬಾಯಿ ಮುಚ್ಚಿಸಿದೆ ಎಂದು ಅಜ್ಜಿ ಊಟ ಮುಗಿಯುವವರೆಗೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಇನ್ನು ತಮ್ಮ ಔಷಧೋಪಚಾರ ನಡೆದ ಬಗೆಯನ್ನೂ ನಿವೇದಿಸಬೇಕು. ನಮ್ಮಲ್ಲಿ ಮದುಮಗಳನ್ನು ಪರದೆಯ ಹಿಂದೆ ಕೂರಿಸುತ್ತಾರೆ. ಅವಳ ಮುಖ ನೋಡಬೇಕೆಂದರೆ ಕೊರುಮ್ದುಕ್, ಅಂದರೆ ಮುಖ ನೋಡಿದ ಕಾಣಿಕೆ, ಕೊಟ್ಟೇ ನೋಡಬೇಕು. ಹುಟ್ಟಿದ ಕೂಸಿಗೂ ಇದೇ ಶಾಸ್ತ್ರ, ಕೊಂಡ ಗಾಡಿಗೂ ಇದೇ ಶಾಸ್ತ್ರ. ಹೊಸ ಗಾಡಿಗೆ ಸಲ್ಲುವ ಗೌರವ ತಮ್ಮೊಳಗೆ ಪೆಟ್ರೋಲ್ ಎಳೆಯುವ ಹೊಸ ಪಂಪಿಗೆ ಯಾಕೆ ಸಲ್ಲಬಾರದು ಎಂದು ನನಗೆ ಹೊಳೆದದ್ದೇ ತಡ, ಅಜ್ಜಿಯ ಮದುವೆ ಕಾಲದ ಕೆಂಪು ಪರದೆಯನ್ನು ತಮ್ಮ ಬಾನೆಟ್ಟಿನ ಮೇಲೆ ಹೊದಿಸಿ, ಬೀದಿಯವರನ್ನೆಲ್ಲ ಹೊಸ ಭಾಗದ ಮುಖ ನೋಡಲು ಕರೆದೆ. ಹಿರಿಯರು ಮಾಡಿದ ಶಾಸ್ತ್ರ, ಇಲ್ಲವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಪಂಪಿಗೆ ಒಂದು ಮೂಟೆ ವಾಲ್ನಟ್ ಬಂತು, ಬ್ಯಾಟರಿಗೆ ಸೋದರತ್ತೆ ಜೀವಂತ ಹೇಂಟೆ ಕೊಟ್ಟರು, ಅದು ತಮ್ಮ ಹಿಂದಿನ ಸೀಟನ್ನೇ ಗೂಡು ಮಾಡಿಕೊಂಡು ಮೊಟ್ಟೆಯಿಟ್ಟಿತು. ಬ್ರೇಕ್ ಪ್ಯಾಡಿನ ಮುಖದರ್ಶನಕ್ಕೆ ಸಾಗಿನ್ ಬೈಕೆ ಹಲ್ಲು ಕಡಿಯುತ್ತ ಟ್ರ್ಯಾಕ್ಟರ್ ಕಾಲದ ಸ್ಪ್ಯಾನರುಗಳ ಪೆಟ್ಟಿಗೆಯನ್ನೇ ಇಟ್ಟು, "ನಿನ್ನ ಕಾರಿಗೆ ವಾರಕ್ಕೊಂದು ಮದುವೆ ಆಗತ್ತಲ್ಲೋ, ನನ್ನ ಮಗನಿಗೆ ಒಂದೂ ಆಗ್ಲಿಲ್ಲ" ಎಂದರು. ವಾಲ್ನಟ್ ಮಾರಿ ಆಮೇಲೆ ಬೇಕಾದ ಭಾಗ ತಂದೆ, ಅದಕ್ಕೂ ಪರದೆ ಹೊದಿಸಿದೆ. ಹೀಗೆ ತಾವು ಈ ಬೀದಿಯ ಸಾರ್ವಜನಿಕ ಸೊಸೆಯಾಗಿ ಬಾಳಿದಿರಿ.

ಆದರೆ ಮಾನ್ಯರೇ, ಎಲ್ಲ ಸೊಸೆಯರಿಗೂ ಪರೀಕ್ಷೆಯ ದಿನವೊಂದು ಬರುತ್ತದೆ. ಹೋದ ಶರತ್ಕಾಲದಲ್ಲಿ ನಮ್ಮಕ್ಕ ಬೇಗಿಮಾಯ್‌ಗೆ ಕೆಮಿನ್ ಕಡೆಯ ಗಂಡು ಗೊತ್ತಾಯಿತು. ಗಂಡಿನ ಚಿಕ್ಕಪ್ಪ ಮಾರ್ಕ್ಲೆನ್ ಎಂಬವರು ಮದುಮಗಳನ್ನು ಕರೆತರಲು ಬಿಳಿ ಜೀಪನ್ನು ಕಳಿಸುವುದಾಗಿ ಹೇಳಿಕಳಿಸಿದರು, ಜೊತೆಗೆ "ನಿಮ್ಮ ಗಾಡಿಗೆ ವಯಸ್ಸಾಗಿದೆ ಅಂತ ಕೇಳಿದ್ವಿ, ಯಾಕೆ ಸುಮ್ನೆ ತೊಂದರೆ" ಎಂದೂ ಸೇರಿಸಿದರು. ಅಪ್ಪ ಚಹಾ ಬಟ್ಟಲು ಕೆಳಗಿಟ್ಟರು. "ಕಾಲಿಸ್, ನನ್ನ ಮಗಳು ನನ್ನ ಗೇಟಿಂದ ನನ್ನ ಗಾಡೀಲೇ ಹೊರಡ್ತಾಳೆ. ಬೀಗರ ಬಾಗಿಲ ತನಕ ಅದು ಎಲ್ಲೂ ನಿಲ್ಲಬಾರದು. ನಿಂತ್ರೆ ಮಾರಿಬಿಡ್ತೀನಿ, ಆಮೇಲೆ ನನ್ನ ಹತ್ರ ಅಳಬೇಡ" ಎಂದರು. ನಾನು ತಮ್ಮ ಹೊಟ್ಟೆಯಡಿ ಇಳಿದಾಗಲೆಲ್ಲ ಟಾರ್ಚ್ ಹಿಡಿದು ನಿಲ್ಲುತ್ತಿದ್ದವಳು ಇದೇ ಅಕ್ಕ. "ನೀನು ರಿಪೇರಿ ಮಾಡಿದ ಗಾಡಿ ಹತ್ತಿದ್ರೆ ಮುದುಕಿಯಾಗಿ ಗಂಡನ ಮನೆ ಸೇರ್ತೀನಿ" ಎಂದು ಅಣಕಿಸುತ್ತಲೇ, ನನ್ನ ಕೈಗೆ ಬೇಕಾದ ಸ್ಪ್ಯಾನರನ್ನು ನಾನು ಕೇಳುವ ಮುಂಚೆ ಕೊಡುತ್ತಿದ್ದವಳು.

ಮದುವೆಯ ದಿನ ಅಮ್ಮ ಬಾಗಿಲಲ್ಲಿ ನಿಂತು ಮಗಳನ್ನು ಬೀಳ್ಕೊಡುವ ಹಾಡು ಹಾಡಿದರು. ಅಕ್ಕ ಅಳುತ್ತಲೇ ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತಳು, ಅಪ್ಪ ಕೊನೆಗೂ ಬೆಚ್ಚಗಾದ ಸೀಟಿನಲ್ಲಿ ಮುಂದೆ ಕೂತರು, ನಾನು ಚಾಲೂ ಮಾಡಿದೆ. ತಾವು ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೊರಟಿರಿ. ಎದುರಿನ ಎಚ್ಚರಿಕೆ ದೀಪಗಳಲ್ಲಿ ಒಂದೂ ಉರಿಯಲಿಲ್ಲ, ಆಗಲೇ ನನಗೆ ಹೆದರಿಕೆ ಹುಟ್ಟಬೇಕಿತ್ತು. ಕೆಮಿನ್ ಕಡೆಯ ಏರು ಹತ್ತುವಾಗ ಬಾನೆಟ್ಟಿನ ಅಂಚಿನಿಂದ ಬೆಳ್ಳಗೆ ಹಬೆ ಬುಸುಗುಟ್ಟಿತು. ರೇಡಿಯೇಟರಿನ ಪೈಪು ಬಿಚ್ಚಿಕೊಂಡಿತ್ತು. ಅಸಲಿ ಪೈಪು ಎಲ್ಲೂ ಸಿಗದೆ ನಾನು ಹಸು ಕರೆಯುವ ಯಂತ್ರದ ಹಾಲಿನ ಪೈಪನ್ನು ಕತ್ತರಿಸಿ ಹಾಕಿದ್ದೆನೆಂಬುದು ನಿಜ, ಆದರೆ ಒಂದು ದಿನದ ಮಟ್ಟಿಗೆ ತಾವು ಅದನ್ನು ಅಸಲಿಯೆಂದೇ ಭಾವಿಸಿದ್ದರೆ ತಮ್ಮ ರಾಯಭಾರಿತನಕ್ಕೆ ಏನು ಕುಂದುಂಟಾಗುತ್ತಿತ್ತು?

ನಾನು ಬಾನೆಟ್ ಎತ್ತಿ, ನೀರು ತರಲು ಡಿಕ್ಕಿಯ ಕಡೆ ಓಡಿದೆ. ಅಷ್ಟರಲ್ಲಿ ಅಜ್ಜಿ ಇಳಿದು ಬಂದಳು. ಮನೆಗೆ ಹಾವು ಬಂದರೆ ಅದನ್ನು ಹೊಡೆಯದೆ ತಲೆಗೆ ಹಾಲೋ ಮೊಸರೋ ಸುರಿದು ಕಳಿಸಬೇಕು, ಸಿಡಿಲಿನ ಬೆಂಕಿಯನ್ನು ನೀರಿನಿಂದಲ್ಲ, ಬಿಳಿಯದರಿಂದಲೇ ಆರಿಸಬೇಕು ಎಂದು ಅವಳ ಅಜ್ಜಿ ಅವಳಿಗೆ ಕಲಿಸಿದ್ದಳು. ಬುಸುಗುಟ್ಟುವುದೂ ಹೊಗೆಯಾಡುವುದೂ ಒಂದೇ ಕಡೆ ಕಂಡ ಮೇಲೆ ಅವಳು ಅನುಮಾನಿಸಲಿಲ್ಲ. ಬೀಗರ ಮನೆಗೆಂದು ಕಾಲ ಬಳಿ ಇಟ್ಟುಕೊಂಡಿದ್ದ ಬಕೆಟ್ ತುಂಬ ಐರಾನ್ ಮೊಸರನ್ನು ಬಿಸ್ಮಿಲ್ಲಾ ಎಂದು ತಮ್ಮ ಎಂಟೂ ಸಿಲಿಂಡರುಗಳ ಮೇಲೆ ಅಭಿಷೇಕ ಮಾಡಿದಳು. ತಾವು ಒಮ್ಮೆ ಕೆಮ್ಮಿ, ಒಮ್ಮೆ ನಡುಗಿ, ಮೌನವಾದಿರಿ. ಪರದೆಯ ಹೆಂಗಸು ಕೊರಿಯಾದ ಮಾತಿನಲ್ಲಿ ಏನೋ ಅಂದಳು. "ನೋಡು, ಪಾಪ, ಅವಳೂ ಗಾಬರಿಯಾದ್ಲು" ಎಂದಳು ಅಜ್ಜಿ. ಇದೇನು ಮಾಡಿದೆ ಎಂದು ನಾನು ತಲೆ ಚಚ್ಚಿಕೊಂಡರೆ, "ಹಾಲಿನ ಪೈಪು ಹಾಕಿದ್ದು ನೀನು, ಮೊಸರು ಹಾಕಿದ್ದು ನಾನು. ಇದರಲ್ಲಿ ಹೊರಗಿನೋರ ತಪ್ಪೇನಿದೆ?" ಎಂದು ಬಕೆಟ್ ಕವುಚಿ ಅದರ ಮೇಲೆ ಕೂತಳು.

ಮೊದಲು ನಕ್ಕವಳು ಅಕ್ಕ. ತೋಕ್ಮೋಕಿನಿಂದ ಅಲ್ಲಿಯವರೆಗೆ ಒಂದೇ ಸಮನೆ ಅಳುತ್ತ ಬಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಿನ ಕಾಡಿಗೆಯೆಲ್ಲ ಗಲ್ಲಕ್ಕಿಳಿಯಿತು. ಹೊರಟ ಮದುಮಗಳು ದಾರಿಯಲ್ಲಿ ನಕ್ಕರೆ ಶುಭವೋ ಅಶುಭವೋ ಎಂದು ನಮ್ಮ ಹಿಂದೆಯೇ ಬರುತ್ತಿದ್ದ ಗಾಡಿಗಳಿಂದಿಳಿದ ಹಿರಿಯರು ಚರ್ಚೆಗೆ ಕೂತರು, ಚರ್ಚೆಗೆ ಕರಿದ ಬೊರ್ಸೋಕ್ ಬೇಕಾಯಿತು, ಬೊರ್ಸೋಕಿಗೆ ಚಹಾ ಬೇಕಾಯಿತು, ನೋಡುನೋಡುತ್ತ ರಸ್ತೆಬದಿಯಲ್ಲೇ ಬಟ್ಟೆ ಹಾಸಿ ಇಡೀ ಬಳಗ ಅವಳ ಸುತ್ತ ಇನ್ನೊಮ್ಮೆ ಕೂತಿತು. ಅಷ್ಟರಲ್ಲಿ ಬಿಳಿ ಜೀಪು ಹುಡುಕಿಕೊಂಡು ಬಂತು. ಮಾರ್ಕ್ಲೆನ್ ಇಳಿದು, ತಮ್ಮನ್ನು ಮೂಸಿ ನೋಡಿ, "ಬೀಗರೇ, ನಿಮ್ಮದು ಮೊಸರು ಕುಡಿಯತ್ತಾ? ನಮ್ಮದಕ್ಕೆ ಡೀಸೆಲ್ಲೇ ಸಾಕು" ಎಂದು ಕೇಳಿ, ಅಕ್ಕನಿಗೆ ಜೀಪಿನ ಬಾಗಿಲು ತೆರೆದು ಹಿಡಿದರು. ಅಕ್ಕ ಅಲುಗಲಿಲ್ಲ. "ನಮ್ಮಪ್ಪನ ಗಾಡೀಲಿ ಹೊರಟಿದೀನಿ, ಅದರಿಂದಲೇ ಇಳೀತೀನಿ. ಬೇಕಿದ್ರೆ ಎಳ್ಕೊಂಡು ಹೋಗಿ" ಎಂದಳು. ಹಾಗೆ ತಾವು ಜೀಪಿನ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡು, ಮೊಸರು ತೊಟ್ಟಿಕ್ಕಿಸುತ್ತ, ಬೀಗರ ಊರು ಪ್ರವೇಶಿಸಿದಿರಿ. ಅಪ್ಪ ದಾರಿಯುದ್ದಕ್ಕೂ ಮಂತ್ರಿಯ ಹಾಗೆ ನೆಟ್ಟಗೆ ಎದುರು ನೋಡುತ್ತ ಕೂತಿದ್ದರು, ಎದುರಿಗಿದ್ದದ್ದು ಜೀಪಿನ ಬೆನ್ನು ಮಾತ್ರ.

ಇಳಿಯುವ ಮುನ್ನ ಅಕ್ಕ ಮುಂದೆ ಬಾಗಿ ನನ್ನ ಕಿವಿ ಹಿಂಡಿ, "ನೊರೂಜ್ ಹಬ್ಬಕ್ಕೆ ಮೊದಲ ಸಲ ತವರಿಗೆ ಬರೋಳು ನಾನು ಇದರಲ್ಲೇ ಬರ್ತೀನಿ. ನೀನೇ ಬಂದು ಕರ್ಕೊಂಡು ಹೋಗ್ಬೇಕು. ಇದನ್ನ ಮಾರಿ ಬೇರೆ ಏನಾದ್ರೂ ತಂದ್ಯೋ, ಹತ್ತಲ್ಲ" ಎಂದಳು.

ತಮ್ಮ ಮೇಲಿನ ಮೊಸರು ಬಿಸಿ ಪೈಪುಗಳ ಮೇಲೆ ಒಣಗಿ, ನಮ್ಮವರು ಉಪ್ಪು ಬೆರೆಸಿ ಒಣಗಿಸಿಡುವ ಮೊಸರುಂಡೆಯ ಹಾಗೆ, ಗಟ್ಟಿ ಉಂಡೆಗಳಾಯಿತು. ಅವನ್ನು ಕೆತ್ತಿ ತೆಗೆಯುತ್ತಿದ್ದಾಗ ಸಾಗಿನ್ ಬೈಕೆ ಒಂದನ್ನು ಬಾಯಿಗೆ ಹಾಕಿಕೊಂಡು, "ಕುರುತ್ ಚೆನ್ನಾಗೇ ಆಗಿದೆ, ಉಪ್ಪು ಸ್ವಲ್ಪ ಕಮ್ಮಿ" ಎಂದರು. ಹೊಸ ತಂತಿ, ಹೊಸ ಪ್ಲಗ್, ಹುಡುಕಿ ಹುಡುಕಿ ತಂದ ಅಸಲಿ ಪೈಪು, ಎಲ್ಲ ಹಾಕಿ ತಮ್ಮನ್ನು ಎಬ್ಬಿಸಿದೆ. ಆದರೆ ಅಪ್ಪ ಮಾತಿಗೆ ತಪ್ಪುವವರಲ್ಲ. ಚಳಿಗಾಲ ಶುರುವಾದಂದಿನಿಂದ ಗಿರಾಕಿಗಳು ಬರುತ್ತಿದ್ದಾರೆ.

ಈ ಪತ್ರದ ಮುಖ್ಯ ದೂರು ಇಲ್ಲಿದೆ. ಬೆಳಿಗ್ಗೆ ಗುಡುಗಿನಂತೆ ಚಾಲೂ ಆಗುವ ತಾವು, ಗಿರಾಕಿ ಗೇಟಿನಲ್ಲಿ ಕಾಲಿಟ್ಟೊಡನೆ ಸತ್ತ ಹೆಣದಂತೆ ಬಿದ್ದುಕೊಳ್ಳುತ್ತೀರಿ. ಕೀಲಿ ತಿರುಗಿಸಿದರೆ ಗರಗರ ಅನ್ನುತ್ತೀರಿ, ಏಳುವುದಿಲ್ಲ. ಅವನು ಬೀದಿಯ ತಿರುವು ದಾಟುವುದೇ ತಡ, ಹಾಡುತ್ತ ಏಳುತ್ತೀರಿ. ಕುದುರೆ ವ್ಯಾಪಾರಿಗಳ ಮೊಮ್ಮಗನಾದ ಅಪ್ಪ, "ನಿಲ್ಲಲಾರದ ಕುದುರೇನ ಓಡತ್ತೆ ಅಂತ ಮಾರೋ ವಂಶ ನಮ್ಮದಲ್ಲ. ಮೊದಲು ಸರಿ ಮಾಡು" ಎಂದು ನನಗೇ ಒಪ್ಪಿಸುತ್ತಾರೆ. ಒಬ್ಬ ವೈದ್ಯನ ಮಾನ ಹೀಗೆ ಮೂರು ಮಂದಿ ಗಿರಾಕಿಗಳ ಎದುರು ಹರಾಜಾದರೆ ಅವನು ಯಾರಿಗೆ ಮುಖ ತೋರಿಸಬೇಕು, ಯಾವ ಕೊರುಮ್ದುಕ್ ಕೇಳಬೇಕು?

ಆದ್ದರಿಂದ ತಮ್ಮಲ್ಲಿ ವಿನಂತಿ: ಕಾಲು ಮಡಚದೆ ನಿಲ್ಲಿ, ಅಂಗಳಕ್ಕೆ ಸರಿಹೊಂದುವಂತೆ ಒಂದು ಮೊಳ ಕುಗ್ಗಿ, ಕೊರಿಯಾದ ಹೆಂಗಸಿಗೆ ನಮ್ಮ ಮಾತು ಕಲಿಸಿ ಅಜ್ಜಿಗೆ ಉತ್ತರ ಕೊಡಿಸಿ, ಮತ್ತು ಶನಿವಾರ ಬರಲಿರುವ ಹೊಸ ಗಿರಾಕಿಯ ಎದುರು ತಮ್ಮ ಕುಲಗೌರವಕ್ಕೆ ತಕ್ಕಂತೆ ನಡೆದುಕೊಳ್ಳಿ. ಹಿಮ ಕರಗುತ್ತಿದೆ, ನೊರೂಜ್ ದೂರವಿಲ್ಲ ಎಂಬುದನ್ನು ನೆನಪಿಸುವುದಷ್ಟೇ ನನ್ನ ಕೆಲಸ.

ಬೆನ್ನಿಗೆ ಗ್ರೀಸ್ ಮೆತ್ತಿಕೊಂಡು, ತಮ್ಮ ಹೊಟ್ಟೆಯಡಿಯಿಂದಲೇ ಸಹಿ ಹಾಕುತ್ತಿರುವ

ತಮ್ಮ ವಿಶ್ವಾಸಿ,
ಕಾಲಿಸ್

ಮರೆತ ಮಾತು: ಈ ಭಾಗವನ್ನು ಗೇಟಿಗೆ ಅಂಟಿಸುವಾಗ ಒಳಕ್ಕೆ ಮಡಚಿರುತ್ತೇನೆ, ಹೊರಗಿನವರು ಓದುವುದು ಬೇಡ. ಶನಿವಾರದವನು ತಮ್ಮ ಎಂಜಿನ್ ಕಿತ್ತು ತನ್ನ ಮೀನಿನ ಲಾರಿಗೆ ಹಾಕುವ ಆಲೋಚನೆಯಲ್ಲಿದ್ದಾನಂತೆ. ರಾಯಭಾರಿಯನ್ನು ಹೊತ್ತವರು ಇನ್ನು ಮೀನು ಹೊರುವ ಯೋಗ. ಆದರೂ ತಾವು ಚಿಂತೆ ಮಾಡಬೇಕಾಗಿಲ್ಲ, ಅವನ ಎದುರೂ ತಾವು ಏಳುವುದಿಲ್ಲ. ಪೆಟ್ರೋಲ್ ಎಳೆಯುವ ಪಂಪಿಗೆ ಕರೆಂಟು ಬಿಡುವ, ಬೆಂಕಿಪೊಟ್ಟಣದಷ್ಟು ಗಾತ್ರದ ಆ ಕಪ್ಪು ರಿಲೇ, ಗಿರಾಕಿ ಬಂದಾಗಲೆಲ್ಲ ನನ್ನ ಕೋಟಿನ ಜೇಬಿನಲ್ಲಿರುತ್ತದೆ.