ಚುಕ್ಕಿ ಇಟ್ಟವರೆಲ್ಲ ಪಾಸು

ಬಾಗಿಲು ಮುಂದಕ್ಕೆ ಮಾಡಿ, ಹತ್ತಿರ ಬನ್ನಿ. ಇದು ನಿಮ್ಮ ಹೊಟ್ಟೆಯೊಳಗೇ ಇರಬೇಕು. ಲಕ್ಕಮ್ಮ ಹೇಳಿದಳು ಅಂತ ಎಲ್ಲಾದರೂ ಬಂತೋ, ನಿಮ್ಮ ಮುಖವನ್ನೇ ನೋಡಿಲ್ಲ ಅಂದುಬಿಡುತ್ತೇನೆ.

ಹೋದ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯಲ್ಲಿ, ಸಾಲಗಾಮೆ ಕಡೆಯ ನಮ್ಮೂರಿನ ಹೆಂಗಸರೆಲ್ಲರೂ ಅಕ್ಷರಸ್ಥರಾದರು. ಹೆಸರು ಬರೆದು ತೋರಿಸಿದ ಒಬ್ಬಳನ್ನು ಬಿಟ್ಟು.

ಆ ಒಬ್ಬಳು ಮಾದಮ್ಮ. ಅವರ ಕೇರಿ ನಮ್ಮ ಹಿತ್ತಲ ಬೇಲಿಯಾಚೆ. ಮೊದಲ ಗುಡಿಸಲೇ ಅವಳದು. ಗಂಡ ಸತ್ತಿದ್ದ, ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಹಾಸನದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿಯಿತ್ತು. ಅಕ್ಷರ ಬಲ್ಲಳೆಂಬ ಸರ್ಟಿಫಿಕೇಟು ತಂದರೆ ಕೆಲಸ, ಇಲ್ಲವಾದರೆ ಇಲ್ಲ ಅಂದಿದ್ದರು. ಹಾಗಾಗಿ ಊರಲ್ಲಿ ಹೆಂಗಸರ ಅಕ್ಷರ ವರ್ಗ ಶುರುವಾದ ದಿನ ಎಲ್ಲರಿಗಿಂತ ಮುಂಚೆ ಬಂದವಳು ಅವಳೇ. ವರ್ಗ ಪಂಚಾಯಿತಿ ಚೇರ್ಮನ್ ಕೆಂಪಣ್ಣನವರ ಜಗುಲಿಯ ಮೇಲೆ. ಮಾದಮ್ಮ ಕೂತದ್ದು ಜಗುಲಿಯ ಕೆಳಗೆ, ಅಂಗಳದಲ್ಲಿ. ಯಾಕೆಂದು ನೀವು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ವಯಸ್ಕರ ಶಿಕ್ಷಣದ ಸಾಹೇಬರು ಶಿವಯ್ಯನವರು ಜೀಪಿನಲ್ಲಿ ಬಂದಿಳಿದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಮ್ಮೆಲ್ಲರ ಹೆಸರು ಬರೆದು, ಗಂಟಲು ಸರಿಮಾಡಿಕೊಂಡು ಪ್ರಕಟಿಸಿದರು: "ಕಲಿಕೆಯ ಫಲವನ್ನು ಮೊದಲೇ ನಿಶ್ಚಯಿಸತಕ್ಕದ್ದು. ಫಲವೇನೆಂದರೆ, ಪ್ರತಿಯೊಬ್ಬ ಮಹಿಳೆಯೂ ತನ್ನ ಹೆಸರನ್ನು ತಾನೇ ಬರೆಯತಕ್ಕದ್ದು. ಅಲ್ಲಿಯವರೆಗೆ ಆಸರೆ ಒದಗಿಸತಕ್ಕದ್ದು. ಕಲಿತಂತೆಲ್ಲ ಆಸರೆಯನ್ನು ತೆಗೆಯತಕ್ಕದ್ದು."

"ಈರೆ ಬಳ್ಳಿ ಅಬ್ಬಿದ ಮ್ಯಾಲೆ ಚಪ್ಪರ ಕಿತ್ತಾಕ್ತಾರಾ ಸಾ?" ಅಂದಳು ಗಂಗಾಂಬಿಕೆ.

"ಈ ಯೋಜನೆಯಲ್ಲಿ ಪ್ರಶ್ನೆಗಳಿಗೆ ಅವಕಾಶವಿಲ್ಲ" ಎಂದು ಸಾಹೇಬರು ಜೀಪು ಹತ್ತಿದರು.

ಆಸರೆ ಅಂದರೆ ಚುಕ್ಕಿ. ಸ್ಲೇಟಿನ ಮೇಲೆ ಅಕ್ಷರದ ಆಕಾರಕ್ಕೆ ಚುಕ್ಕಿ ಇಟ್ಟುಕೊಡುವುದು, ನಾವು ಗೆರೆ ಎಳೆದು ಕೂಡಿಸುವುದು. ಚುಕ್ಕಿ ಇಡಲು ಸಂಬಳದ ಹುದ್ದೆಯೊಂದು ಮಂಜೂರಾಗಿ ಬಸವಲಿಂಗಮ್ಮನಿಗೆ ಸಿಕ್ಕಿತು. ಅರ್ಹತೆ: ಚೇರ್ಮನ್ನರ ನಾದಿನಿ. ಅವಳಿಗೆ ಕುರ್ಚಿ, ಜಗುಲಿಯ ಮೇಲಿದ್ದವರಿಗೆಲ್ಲ ಕಾಫಿ. ನಾನು ಎರಡನೇ ಕ್ಲಾಸಿನಲ್ಲೇ ಹೆಸರು ಬರೆಯಲು ಕಲಿತವಳು. ಆದರೂ ಊರಿನ ಉದ್ಧಾರವೆಂದು ಸೇರಿಕೊಂಡೆ. ಸುಳ್ಳು ಹೇಳಬಾರದು, ಗಟ್ಟಿ ಹಾಲಿನ ಕಾಫಿ.

ಆದರೆ ಚುಕ್ಕಿ ಕಂಡರೆ ನಮ್ಮ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಗಂಗಾಂಬಿಕೆಯ ಹೆಸರು ತಾವರೆಯಾಯಿತು. ಜಯಲಕ್ಷ್ಮಮ್ಮನದು ತೊಟ್ಟಿಲಾಯಿತು.

"ಚುಕ್ಕಿ ಮ್ಯಾಲೇ ಗೆರೆ ಎಳೀಬೇಕು ಕಣ್ರೇ" ಅಂದಳು ಬಸವಲಿಂಗಮ್ಮ.

"ಚುಕ್ಕಿ ತುಳ್ಕಂಡು ಓಗದಾ? ಬಳಸ್ಕಂಡು ಓಗ್ಬೇಕು. ನಮ್ಮವ್ವ ಕಲಿಸಿರದೇ ಅಂಗೆ" ಅಂದಳು ಗಂಗಾಂಬಿಕೆ.

ಸುಗ್ಗಿ ಕಳೆದರೂ ಜಗುಲಿ ತುಂಬ ರಂಗೋಲಿಯೇ. ಮಾದಮ್ಮ ಮಾತ್ರ, "ಬಸವಲಿಂಗವ್ವಾರೆ, ನಂಗೂ ಒಸಿ ಚುಕ್ಕಿ ಮಡಗ್ಕೊಡಿ" ಅನ್ನುವಳು. ಕುರ್ಚಿಯಿಂದ ಅಂಗಳಕ್ಕೆ ಬಗ್ಗಲು ಬಸವಲಿಂಗಮ್ಮನ ಸೊಂಟ ಒಪ್ಪದು. "ನಾಳೆ ಕಣೇ." ಆ ನಾಳೆ ಬರಲಿಲ್ಲ. ಮಾದಮ್ಮ ಗೋಡೆಯ ಮೇಲಿನ ತನ್ನ ಹೆಸರು ನೋಡಿಕೊಂಡು ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಾ ಕೂತಳು.

ಪರೀಕ್ಷೆ ಹತ್ತಿರ ಬಂತು. ಆಸರೆ ತೆಗೆಯಬೇಕು. ತೆಗೆದರೆ ನಾದಿನಿಯ ಹುದ್ದೆಯೂ ಹೋಗಬೇಕು. ಇಲ್ಲಿಂದಲೇ ಗುಟ್ಟು, ಕಿವಿ ಕೊಡಿ: ಚೇರ್ಮನ್ನರ ಕಣಜದಿಂದ ಒಂದು ಮೂಟೆ ಸಣ್ಣಕ್ಕಿ ಸಾಹೇಬರ ಜೀಪು ಹತ್ತಿತು. ಮರುವಾರವೇ ತಿದ್ದುಪಡಿ ಬಂತು: "ಚುಕ್ಕಿ ಮತ್ತು ಗೆರೆ ಇವೆರಡರಲ್ಲಿ ಆಸರೆ ಯಾವುದೆಂಬ ಬಗ್ಗೆ ಸಂದೇಹ ಉಂಟಾಗಿರುವುದರಿಂದ, ಇನ್ನು ಮುಂದೆ ಗೆರೆಯನ್ನು ಆಸರೆಯೆಂತಲೂ, ಚುಕ್ಕಿಯನ್ನು ಫಲವೆಂತಲೂ ಭಾವಿಸತಕ್ಕದ್ದು. ಆಸರೆಯನ್ನು ಕೂಡಲೇ ತೆಗೆಯತಕ್ಕದ್ದು."

ಗೆರೆ ತೆಗೆದರು. ಚುಕ್ಕಿ ಉಳಿಯಿತು. ಬಸವಲಿಂಗಮ್ಮನ ಹುದ್ದೆ ಕಾಯಂ ಆಯಿತು.

ಪರೀಕ್ಷೆಯ ದಿನ ನಾವೆಲ್ಲ ಸ್ಲೇಟಿನ ಮೇಲೆ ಅಚ್ಚುಕಟ್ಟಾಗಿ ಚುಕ್ಕಿ ಇಟ್ಟು ಪಾಸಾದೆವು. ಸಾಹೇಬರು ಕೊನೆಗೆ ಅಂಗಳದ ಕಡೆ ತಿರುಗಿದರು.

"ಚುಕ್ಕಿ ಎಲ್ಲಿದೆಯಮ್ಮ?"

"ಎಸ್ರು ಬರ್ದಿವ್ನಿ ಸಾ. ಮಾ, ದ, ಮ್ಮ."

"ಯಾರ ಆಸರೆ ಪಡೆದೆ?"

"ಯಾರೂ ಕೊಡ್ನಿಲ್ಲ ಸಾ."

"ಆಸರೆಯಿಲ್ಲದೆ ಕಲಿಯುವುದು ನಿಯಮಬಾಹಿರ. ಫಲವೂ ಬಂದಿಲ್ಲ. ನಪಾಸು."

"ಸರ್ಟಿಪೀಟು ಇಲ್ದಿದ್ರೆ ಕೆಲ್ಸ ಬ್ಯಾರೆಯೋರ್ಗೆ ಓಯ್ತದೆ ಸಾ" ಅಂದಳು. ಜಗುಲಿಯ ಕಡೆ ತಲೆಯೆತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಆಗಷ್ಟೇ ಕಾಫಿ ಬಂದಿತ್ತು.

ಕೆಲಸ ನಮ್ಮ ಜೊತೆ ಪಾಸಾಗಿದ್ದ, ಚೇರ್ಮನ್ನರ ಆಳಿನ ಹೆಂಡತಿ ಚಿಕ್ಕಮ್ಮ ಎಂಬವಳಿಗೆ ಆಯಿತು. ದಿನಾ ಬೆಳಿಗ್ಗೆ ಹಾಜರಿಗೆ ಚುಕ್ಕಿ ಇಡುತ್ತಾಳೆ, ಗುಮಾಸ್ತರು ಕೂಡಿಸಿಕೊಳ್ಳುತ್ತಾರೆ. ಆಸ್ಪತ್ರೆಯವರದೂ ತಕರಾರಿಲ್ಲ, ನಮ್ಮದೂ ಇಲ್ಲ. ಮಾದಮ್ಮ ಚೇರ್ಮನ್ನರ ಗದ್ದೆಯಲ್ಲೇ ಕಳೆ ಕೀಳುತ್ತಾಳೆ.

ಪಾಪ, ಅವಳಿಗಾದರೂ ತಿಳಿದಿರಲಿ ಎಂದು ಮೊನ್ನೆ ಬೇಲಿಯ ಹತ್ತಿರ ಕರೆದು, ದನಿ ತಗ್ಗಿಸಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿ, ಅಕ್ಕಿ ಮೂಟೆಯ ವಿಷಯ ಹೇಳಿದೆ. ಅವಳು ಕುಡುಗೋಲು ಕೆಳಗಿಟ್ಟು ನನ್ನ ಮುಖಕ್ಕೇ ಅಂದಳು:

"ಊರಲ್ಲಿ ಯಾರ ಮನೆ ಬೆಕ್ಕು ಈದ್ರೂ ನೀವೇ ಸಾರ್ಕಂಡ್ ಬತ್ತೀರಿ ಲಕ್ಕವ್ವ. ಅವತ್ತು ಸಾಯೇಬ್ರ ಮುಂದೆ, 'ಅವ್ಳು ಬರ್ದಿರದು ಎಸ್ರೇ ಕಣ್ ಸಾ' ಅನ್ನಕ್ಕೆ ನಿಮ್ ಬಾಯ್ಗೇನಾಗಿತ್ತು? ಕಾಪಿ ಅಷ್ಟೊಂದು ಸುಡ್ತಿತ್ತಾ?"