ಮುರಿಯದ ಹೋಲ್ಡರು, ಮೊದಲ ಪುಟದ ಹೆಸರು

ಸಿಟ್ಟು ಬಂದಾಗ ನಾನು ಕೂಗಾಡುವುದಿಲ್ಲ, ತೀರಾ ಮರ್ಯಾದೆಯಿಂದ ಮಾತಾಡತೊಡಗುತ್ತೇನೆ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ನಾನು ಗಂಡನಿಗೆ ದಯವಿಟ್ಟು ಆ ಟವೆಲ್ ತೆಗೆಯುತ್ತೀರಾ ಅಂದರೆ ಸಾಕು, ಅವರು ಟವೆಲ್ಲಿನ ಜೊತೆಗೆ ಹಾಸಿಗೆಯನ್ನೂ ಮಡಿಸಿಟ್ಟು ಹಾಲು ತರುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಾರೆ. ಈ ವರ್ಷ ಒಂದು ಇಡೀ ವಾರ ನಾನು ಹೊಸೂರಿನಲ್ಲೇ ಅತ್ಯಂತ ಮರ್ಯಾದಸ್ಥ ಹೆಂಗಸಾಗಿದ್ದೆ. ಎದುರುಮನೆಯವರು ನಾನು ಯಾವುದೋ ಧ್ಯಾನದ ಶಿಬಿರಕ್ಕೆ ಹೋಗಿ ಬಂದಿದ್ದೇನೆ ಅಂದುಕೊಂಡರಂತೆ.

ನಾನು ಕೆಲಸ ಮಾಡುವುದು ತಮಿಳುನಾಡಿನ ಗಡಿಯ ಈ ಊರಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ಲಾಸ್ಟಿಕ್ ಕಂಪನಿಯ ಲ್ಯಾಬಿನಲ್ಲಿ. ಬಕೆಟ್ಟು, ಮಗ್ಗು ಮಾಡುವ ಕಂಪನಿ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಬಾಗಲೂರಿನ ನಮ್ಮ ಚಿಕ್ಕಮ್ಮ ಪ್ರತಿ ಹಬ್ಬಕ್ಕೂ ನನ್ನ ಕೈಚೀಲದ ಕಡೆ ಆಸೆಯಿಂದ ನೋಡುತ್ತಾರೆ. ನಾವು ಬೇರೆ ಬೇರೆ ಪ್ಲಾಸ್ಟಿಕ್ಕುಗಳನ್ನು ಕರಗಿಸಿ, ಬೆರೆಸಿ, ಕಾಳಿನಂತೆ ಕತ್ತರಿಸಿ ಮಾರುತ್ತೇವೆ. ನಮ್ಮ ದೊಡ್ಡ ಗಿರಾಕಿಯೊಬ್ಬರು ಆ ಕಾಳಿನಿಂದ ಬೈಕಿನ ಹೆಡ್‌ಲೈಟಿನೊಳಗೆ ಬಲ್ಬು ಹಿಡಿದುಕೊಳ್ಳುವ ಹೋಲ್ಡರ್ ತಯಾರಿಸುತ್ತಾರೆ. ಬಲ್ಬಿನ ಬಿಸಿಗೆ ಅದು ಮೆತ್ತಗಾಗಬಾರದು. ನಮ್ಮದು ಆಗುತ್ತಿರಲಿಲ್ಲ. ಆದರೆ ಕೈಜಾರಿ ನೆಲಕ್ಕೆ ಬಿದ್ದರೆ ಹಪ್ಪಳದ ಹಾಗೆ ಚೂರಾಗುತ್ತಿತ್ತು. ಇದನ್ನು ಸರಿಮಾಡಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗಿರಾಕಿ ಬರೆದರು. ಆ ಆರ್ಡರು ಹೋದರೆ ನಮ್ಮ ಎರಡು ಮೆಷಿನ್ನುಗಳಲ್ಲಿ ಒಂದು ನಿಲ್ಲುತ್ತದೆ, ಅದರ ಹಿಂದೆ ನಿಂತವರು ಮನೆಗೆ ಹೋಗುತ್ತಾರೆ. ಜನರಲ್ ಮ್ಯಾನೇಜರ್ ಸೆಲ್ವರಾಜ್ ಆ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ನೋಡಿಕೊಳ್ಳಿ ಅಂತ ಹೇಳಿ ಹೋದರು.

ಉಪಾಯ ಹೊಸದೇನಲ್ಲ. ಬಿಸಿ ತಡೆಯುವ ಪ್ಲಾಸ್ಟಿಕ್ಕಿಗೆ ರಬ್ಬರಿನ ಗುಣದ ಇನ್ನೊಂದು ಪಾಲಿಮರ್ ಬೆರೆಸಬೇಕು. ಏಟು ಬಿದ್ದಾಗ ರಬ್ಬರು ಅದನ್ನು ನುಂಗಿಕೊಳ್ಳುತ್ತದೆ. ಹೇಳುವುದಕ್ಕೆ ಸುಲಭ. ಜಾಸ್ತಿ ಬೆರೆಸಿದರೆ ಏಟಿಗೆ ಜಗ್ಗುತ್ತಿರಲಿಲ್ಲ, ಆದರೆ ಓವನ್ನಿನಲ್ಲಿಟ್ಟರೆ ಊಟವಾದ ಮೇಲಿನ ನಮ್ಮ ಮಾವನವರ ಹಾಗೆ ವಾಲಿಕೊಂಡು ಮಲಗಿಬಿಡುತ್ತಿತ್ತು. ಕಡಿಮೆ ಬೆರೆಸಿದರೆ ಓವನ್ನಿನಲ್ಲಿ ನೆಟ್ಟಗೆ ನಿಲ್ಲುತ್ತಿತ್ತು, ಸುತ್ತಿಗೆ ತಾಗಿದ ಕೂಡಲೇ ಎರಡಾಗುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಉಯ್ಯಾಲೆಯಂತೆ ತೂಗಿ ಬಂದು ಪ್ಲಾಸ್ಟಿಕ್ ಪಟ್ಟಿಯನ್ನು ಹೊಡೆಯುವ ಸುತ್ತಿಗೆಯೊಂದಿದೆ. ಎಂಟು ತಿಂಗಳು ನಾನು ಕೇಳಿದ್ದು ಅದರ ಟಕ್ ಟಕ್ ಒಂದೇ. ಊರೆಲ್ಲ ಪ್ಲಾಸ್ಟಿಕ್ ಬೇಡ ಅನ್ನುತ್ತಿರುವಾಗ ನೀನು ಹಾಳಾಗದ ಪ್ಲಾಸ್ಟಿಕ್ ಮಾಡುತ್ತಿದ್ದೀಯಲ್ಲ ಎಂದು ಗಂಡ ಒಂದು ದಿನ ನಕ್ಕರು. ಅವರಿಗೆ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟೆ.

ಕರಗಿಸಿ ಬೆರೆಸುವ ಮೆಷಿನ್ನಿನ ಆಪರೇಟರ್ ಮುನಿರಾಜು ಬೇರಿಕೆಯ ಕಡೆಯವನು. ದಿನಾ ಬೈಕಿನಲ್ಲಿ ಬಂದು ಹೋಗುತ್ತಾನೆ. ಒಂದು ಮಧ್ಯಾಹ್ನ ಲ್ಯಾಬಿಗೆ ಹೊಸ ಸ್ಯಾಂಪಲ್ ಕೊಡಲು ಬಂದವನು ಮುರಿದ ಚೂರೊಂದನ್ನು ಎತ್ತಿಕೊಂಡು, ಅಂಚನ್ನು ಉಗುರಿನಿಂದ ಕೆರೆದು ನೋಡಿದ.

"ಇದು ಮುರ್ದಿಲ್ಲ ಕಣಕ್ಕ, ಸಿಪ್ಪೆ ಎದ್ದೈತೆ. ಎಲ್ಡೂ ಒಂದ್ಕೊಂದು ಕಚ್ಕೊಂಡೇ ಇಲ್ಲ" ಅಂದ.

ನಾನು ಅಷ್ಟು ದಿನವೂ ಸುತ್ತಿಗೆಯ ಪಕ್ಕದ ಅಂಕಿಯನ್ನೇ ನೋಡುತ್ತಿದ್ದೆ, ಮುರಿದ ಜಾಗವನ್ನು ಸರಿಯಾಗಿ ನೋಡಿರಲಿಲ್ಲ. ಅವನು ಹೇಳಿದ್ದು ನಿಜ. ಈರುಳ್ಳಿಯ ಹಾಗೆ ಪದರ ಬಿಡುತ್ತಿತ್ತು. ಎರಡನ್ನೂ ಹಿಡಿದಿಡುವ ಮೂರನೆಯದೊಂದು ಬೇಕಾಗಿತ್ತು. ಅಂಥವು ಇವೆ, ನನಗೆ ಗೊತ್ತಿತ್ತು, ಹೊಳೆದಿರಲಿಲ್ಲ. ಅದನ್ನು ಚಿಟಿಕೆಯಷ್ಟು ಸೇರಿಸಿ, ಮುನಿರಾಜು ಮೆಷಿನ್ನಿನ ವೇಗವನ್ನು ಅವನಿಗೆ ತೋಚಿದ ಹಾಗೆ ಬದಲಾಯಿಸಿ, ನಾಲ್ಕನೆಯ ಸಲಕ್ಕೆ ಒಂದು ಪಟ್ಟಿ ಬಂತು. ಓವನ್ನಿನಲ್ಲಿ ನಿಂತಿತು. ಸುತ್ತಿಗೆ ಬಂದು ಹೊಡೆಯಿತು, ಪಟ್ಟಿ ಬಾಗಿತು, ತುಂಡಾಗಲಿಲ್ಲ. ಆಮೇಲೆ ಅದರಲ್ಲೇ ಮಾಡಿಸಿದ ಹೋಲ್ಡರನ್ನು ನಾವಿಬ್ಬರೂ ಮಹಡಿ ಮೆಟ್ಟಿಲಿನಿಂದ ಚಿಕ್ಕ ಮಕ್ಕಳ ಹಾಗೆ ಎಸೆದೆಸೆದು ನೋಡಿದೆವು.

ಗಿರಾಕಿಗೆ ಕಳಿಸಲು ನಾನೇ ಕೂತು ವರದಿ ಬರೆದೆ. ಅದು ಮೇಲಿನ ಆಫೀಸಿನಿಂದ ಅಚ್ಚಾಗಿ ಬಂದಾಗ ಮೊದಲ ಪುಟದಲ್ಲಿ, ರೂಪಿಸಿದವರು ಎಂಬ ಜಾಗದಲ್ಲಿ, ಸೆಲ್ವರಾಜ್ ಅವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ, ಔಷಧಿ ಬಾಟಲಿಯ ಮೇಲಿನ ಎಚ್ಚರಿಕೆಯಷ್ಟು ಸಣ್ಣದಾಗಿ, ನನ್ನದು. ಎಂಟು ತಿಂಗಳಲ್ಲಿ ಆ ಮನುಷ್ಯ ಲ್ಯಾಬಿಗೆ ಬಂದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಏಸಿ ಯಾಕೆ ಇಷ್ಟು ಜೋರಾಗಿದೆ ಎಂದು ಕೇಳಲು. ಗಿರಾಕಿಯ ಕಡೆಯವರು ಬಂದ ದಿನ ಸೆಲ್ವರಾಜ್ ಅವರೇ ಹೋಲ್ಡರನ್ನು ನೆಲಕ್ಕೆ ಬಡಿದು ತೋರಿಸಿ, ಪದರ ಬಿಡುತ್ತಿತ್ತು, ನಾವು ಗಮನಿಸಿದೆವು ಎಂದರು. ನಾನು ಪಕ್ಕದಲ್ಲಿ ನಿಂತು ಬಿಸ್ಕತ್ತಿನ ತಟ್ಟೆ ಹಿಡಿದಿದ್ದೆ. ಆ ತಟ್ಟೆಯನ್ನು ಯಾರು ನನ್ನ ಕೈಗೆ ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ, ಗೊತ್ತಾದರೆ ಅವರಿಗೂ ಇದೆ.

ಆ ವಾರವೆಲ್ಲ ಕಳ್ಳ, ಕಳ್ಳ ಎಂದು ಹಲ್ಲು ಕಚ್ಚಿಕೊಂಡೇ ಅಡುಗೆ ಮಾಡಿದೆ. ಸ್ಕೂಟರಿನಲ್ಲಿ ಹೋಗುತ್ತಾ ಹೇಳಬೇಕಾದ ಮಾತನ್ನು ಮೂರು ಭಾಷೆಯಲ್ಲೂ ಅಭ್ಯಾಸ ಮಾಡಿದೆ. ಸಿಗ್ನಲ್ಲಿನಲ್ಲಿ ಒಮ್ಮೆ ತಮಿಳಿನ ಭಾಗ ಜೋರಾಗಿಯೇ ಬಾಯಿಂದ ಬಂದು, ಪಕ್ಕದ ಬೈಕಿನವನು ಹೆದರಿ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ. ಸೋಮವಾರ ಸೆಲ್ವರಾಜ್ ಅವರ ಕೋಣೆಗೆ ನುಗ್ಗಿ, ಕೂರದೆ, ಎಲ್ಲವನ್ನೂ ಹೇಳಿದೆ. ಮಾಡದ ಕೆಲಸಕ್ಕೆ ಹೆಸರು ಹಾಕಿಕೊಳ್ಳುವುದಕ್ಕೆ ಏನನ್ನುತ್ತಾರೆ ಎಂದು ನಿಮ್ಮಂಥ ಹಿರಿಯರೇ ದಯವಿಟ್ಟು ತಿಳಿಸಬೇಕು ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಡ್ರಾಯರಿನಿಂದ ನಾನೇ ಮೊದಲು ಕೊಟ್ಟಿದ್ದ ಕರಡನ್ನು ತೆಗೆದು ಮೇಜಿನ ಮೇಲಿಟ್ಟು, ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

"ಏನಮ್ಮಾ, ಪದರ ನೋಡಿದ್ದು ಮುನಿರಾಜು ಅಂತ ಕೆಳಗೆ ಎಲ್ಲರೂ ಹೇಳುತ್ತಾರೆ. ನೀವು ಬರೆದದ್ದರಲ್ಲಿ ಅವನ ಹೆಸರು ಎಲ್ಲಿದೆ?"

ಇರಲಿಲ್ಲ. ಮೊದಲ ಪುಟದಲ್ಲಿ ನನ್ನದೊಂದೇ ಹೆಸರಿತ್ತು. ಒಳಗೆ, ಮುರಿದ ಭಾಗದಲ್ಲಿ ಪದರಗಳು ಕಂಡುಬಂದವು ಎಂದು ಬರೆದಿದ್ದೆ. ವರದಿಯ ಇಂಗ್ಲಿಷಿನಲ್ಲಿ ಈ ಸೌಕರ್ಯವಿದೆ, ಯಾರಿಗೆ ಕಂಡವು ಎಂದು ಹೇಳಬೇಕಾಗಿಲ್ಲ. ನಾನು ಬೇಕೆಂದೇ ಹಾಗೆ ಬರೆದೆನೇ? ಇಲ್ಲ. ಅವನ ನೆನಪೇ ಆಗಲಿಲ್ಲ. ಅದು ಇನ್ನೂ ಕೆಟ್ಟದ್ದು. ಕಳ್ಳನ ಮನೆಗೆ ನುಗ್ಗಿ ಕೂಗಾಡುತ್ತಿದ್ದವಳ ಸೆರಗಿನಿಂದಲೇ ಕದ್ದ ಮಾಲು ಉದುರಿದ ಹಾಗಾಯಿತು. ಸಿಟ್ಟೇನೂ ಇಳಿಯಲಿಲ್ಲ, ಎರಡರಷ್ಟಾಯಿತು. ಆ ಮನುಷ್ಯ ತಪ್ಪು ಮಾಡಿದ್ದು ನಿಜವೇ, ಆದರೆ ಅದನ್ನು ಹೇಳುವ ಬಾಯಿಯನ್ನೇ ನನ್ನಿಂದ ಕಿತ್ತುಕೊಂಡಿದ್ದರು. ಕೊನೆಗೆ ಮೂರು ಹೆಸರೂ ಒಂದೇ ಅಳತೆಯಲ್ಲಿ ಹಾಕಿ ಮತ್ತೆ ಕಳಿಸುವುದೆಂದು ಒಪ್ಪಿದರು. ಮೊದಲು ತಮ್ಮದೇ ಇರಲಿ, ಪದ್ಧತಿ ಹಾಗಿದೆ ಅಂದರು.

ಕೆಳಗೆ ಬಂದು ಕಂಪ್ಯೂಟರಿನಲ್ಲಿ ಮುನಿರಾಜು ಎಂದು ಟೈಪ್ ಮಾಡಿ ಕೈ ನಿಲ್ಲಿಸಿದೆ. ನಮ್ಮ ಕಡೆ ಇನಿಷಿಯಲ್ ಇಲ್ಲದೆ ರೇಷನ್ ಕಾರ್ಡಿನಲ್ಲೂ ಹೆಸರು ನಿಲ್ಲುವುದಿಲ್ಲ. ಆರು ವರ್ಷ ಒಟ್ಟಿಗೆ ಕೆಲಸ ಮಾಡಿದವನ ಇನಿಷಿಯಲ್ ನನಗೆ ಗೊತ್ತಿರಲಿಲ್ಲ. ಎದ್ದು ಮೆಷಿನ್ನಿನ ಹತ್ತಿರ ಹೋಗಿ ಕೇಳಿದೆ.

"ಎನ್ ಅಂತ ಬರ್ಕೊಳಿ, ನಮ್ಮಪ್ಪ ನಂಜಪ್ಪ" ಅಂದವನು, ಕಾಳು ಸುರಿಯುತ್ತಿದ್ದ ಕೈಯನ್ನು ನಿಲ್ಲಿಸಿದ. "ಯಾಕಕ್ಕ, ನನ್ ಮೇಲೆ ಮೆಮೋ ಏನಾರ ಬಂದೈತಾ?"

ಇಲ್ಲ ಎಂದೆ. ಬರಬೇಕಾಗಿದ್ದದ್ದು ಯಾರ ಮೇಲೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.