ತಟ್ಟಿ ಇಳಿಸಿ ನೋಡಿದ ಸಿನಿಮಾ

ರಾಜಧಾನಿ ಆಪಿಯಾದ ಪತ್ರಿಕೆಯವರು ಸಿನಿಮಾ ವಿಮರ್ಶೆಯ ಅಂಕಣ ಶುರುಮಾಡುತ್ತಾರಂತೆ ಎಂದು ಕೇಳಿದ ದಿನದಿಂದ ಎತುವಾಲೆ ಮೇಷ್ಟ್ರ ಕಾಲು ನೆಲದ ಮೇಲಿರಲಿಲ್ಲ. ಸಂಪಾದಕರು ಪರೀಕ್ಷೆಗೆಂದು ಒಂದು ಕ್ಯಾಸೆಟ್ಟನ್ನೂ ಕಳಿಸಿದ್ದರು. ಮುಖವಾಡ ಹಾಕಿದ ಮೂವರು ಯಾರದೋ ಮನೆಗೆ ನುಗ್ಗುವ ಭಯಾನಕ ಚಿತ್ರ. ಅದರ ಬಲವೇನು, ದೌರ್ಬಲ್ಯವೇನು ಎಂದು ಬರೆದು ಶನಿವಾರ ಬೆಳಗಿನ ಬಸ್ಸಿಗೆ ಕೊಡಬೇಕು. ಮೆಚ್ಚಿಗೆಯಾದರೆ ಅಂಕಣ ಮೇಷ್ಟ್ರದ್ದೇ.

"ಈ ದ್ವೀಪದಲ್ಲಿ ಸಿನಿಮಾ ನೋಡೋರು ಬೇಕಾದಷ್ಟಿದಾರೆ. ಅರ್ಥ ಮಾಡ್ಕೊಳ್ಳೋನು ಇವತ್ತು ಹುಟ್ಟಿದ ಅನ್ಕೋ," ಎಂದು ಶುಕ್ರವಾರ ಹಲ್ಲುಜ್ಜುತ್ತಲೇ ಹೆಂಡತಿ ಸಿನಿವಾಳಿಗೆ ಘೋಷಿಸಿದರು.

"ಹುಟ್ಟಿದೋನು ಮೊದಲು ಹಂದಿಗೆ ತೆಂಗಿನಕಾಯಿ ಹಾಕ್ಲಿ," ಎಂದು ಅವಳು ಚಾಪೆ ಹೆಣೆಯಲು ಹೆಂಗಸರ ಸಂಘಕ್ಕೆ ಹೊರಟುಹೋದಳು. ಹೊಸ ಚರ್ಚು ತೆರೆಯುವ ದಿನಕ್ಕೆಂದು ಎರಡು ವರ್ಷದಿಂದ ಮಗುವಿನಂತೆ ಸಾಕಿದ ಹಂದಿ ಅದು. ಸಿನಿವಾಳ ತಾಯಿ, ಮೇಷ್ಟ್ರ ಅತ್ತೆ ಫುವಾತಿನೋ ಬೆಳಗಿನ ಬಸ್ಸಿಗೇ ಆಪಿಯಾ ಪೇಟೆಗೆ ಹೋಗಿದ್ದರು. ಶಾಲೆಗೆ ರಜೆ. ಮನೆ ಖಾಲಿ. ವಿಮರ್ಶಕನಿಗೆ ಇನ್ನೇನು ಬೇಕು?

ಗೋಡೆ ಬೇಕಿತ್ತು! ಕಂಬಗಳ ಮೇಲೊಂದು ಸೂರು, ಸುತ್ತಲೂ ಬಯಲು. ದಾರಿಯಲ್ಲಿ ಹೋಗುವವರಿಗೆಲ್ಲ ನಮ್ಮ ಪಾತ್ರೆಯೊಳಗೇನಿದೆ ಎಂದು ಕಾಣುತ್ತದೆ, ಕಂಡವರನ್ನು ಊಟಕ್ಕೆ ಕರೆಯಲೇಬೇಕು. ಇಂಥ ಮನೆಯಲ್ಲಿ ಕೂತು ಹೆದರುವುದಾದರೂ ಹೇಗೆ? ಮೇಷ್ಟ್ರು ಯೋಚಿಸಿ, ಮಳೆಗಾಲದಲ್ಲಿ ಇಳಿಸುವ ತೆಂಗಿನ ಗರಿಯ ತಟ್ಟಿಗಳನ್ನು ಸುತ್ತಲೂ ಇಳಿಸಿ, ಬಿಗಿಯಾಗಿ ಕಟ್ಟಿ, ಕತ್ತಲೆಯಲ್ಲಿ ಟೀವಿಯ ಮುಂದೆ ಕೂತರು.

ರಣಬಿಸಿಲು, ಮಳೆಯಿಲ್ಲ, ಗಾಳಿಯಿಲ್ಲ, ಮಟಮಟ ಮಧ್ಯಾಹ್ನ ಮೇಷ್ಟ್ರ ಮನೆಯ ತಟ್ಟಿಗಳೆಲ್ಲ ಇಳಿದಿವೆ! ಊರು ಗಲಿಬಿಲಿಗೊಂಡಿತು. ಹೀಗೆ ಮನೆ ಮುಚ್ಚಿಕೊಳ್ಳುವುದು ಯಾರಿಗೋ ತೀರಾ ಕಾಯಿಲೆಯಾದಾಗ, ಇಲ್ಲವೇ ಅದಕ್ಕಿಂತ ಕೆಟ್ಟದ್ದಾದಾಗ ಮಾತ್ರ.

ಒಳಗೆ ಮೇಷ್ಟ್ರು ಚಿತ್ರದಲ್ಲಿ ಮುಳುಗಿದ್ದರು. ಮುಖವಾಡದವರು ಆ ಮನೆಯ ಅಜ್ಜಿಯನ್ನು ಆಗಷ್ಟೇ ಮುಗಿಸಿದ್ದರು. ಅದೇ ಹೊತ್ತಿಗೆ ಪಕ್ಕದಲ್ಲಿ ತಟ್ಟಿ ಅಲುಗಿತು. ಅಡಿಯಿಂದ ಒಂದು ಕೈ ಬಂತು, ಕೈಯ ಹಿಂದೆ ಒಂದು ತಲೆ. ಮೇಷ್ಟ್ರ ಜೀವ ಬಾಯಿಗೆ ಬಂತು. ನೋಡಿದರೆ ಪಕ್ಕದ ಮನೆಯ ಪೆಲೆ.

"ಯಾರು?" ಎಂದು ಅವಳು ಪಿಸುಗುಟ್ಟಿದಳು.

"ಅಜ್ಜಿ. ಈಗ ತಾನೇ ಹೋದ್ಲು," ಎಂದರು ಮೇಷ್ಟ್ರು, ಪರದೆಯಿಂದ ಕಣ್ಣು ಕೀಳದೆ. ತಲೆ ಮಾಯವಾಯಿತು. ವಿಮರ್ಶಕರು ಆ ಪ್ರಸಂಗವನ್ನು ಅಲ್ಲಿಗೇ ಮರೆತರು.

ಅರ್ಧ ಗಂಟೆಯಲ್ಲಿ ಹೊರಗೆ ಗುಜುಗುಜು ಶುರುವಾಯಿತು. ಚಿತ್ರದಲ್ಲೋ, ಊರಲ್ಲೋ ತಿಳಿಯದೆ ಮೇಷ್ಟ್ರು ಟೀವಿ ಆರಿಸಿದರು. ಆದರೂ ನಿಲ್ಲಲಿಲ್ಲ. ಒಂದು ತಟ್ಟಿ ಎತ್ತಿದರೆ, ಅಂಗಳದಲ್ಲಿ ನಲವತ್ತು ಜನ ಕಪ್ಪು ಬಟ್ಟೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ! ಮುಂದೆ ಪಾದ್ರಿಗಳು. ಸಾವಿನ ಮನೆಗೆ ತರುವ ನಯವಾದ ಚಾಪೆಗಳು ಬೇರೆ. ಯಾರು ಸತ್ತರು? ಎದುರಿಗಿರುವವರನ್ನು ಕೇಳಿದರೆ ತನ್ನ ಮನೆಯ ಸಾವೇ ತನಗೆ ಗೊತ್ತಿಲ್ಲವೆಂದು ನಗೆಪಾಟಲಾಗುತ್ತದೆ. ಮೇಷ್ಟ್ರೂ ಎಲ್ಲರಂತೆ ತಲೆ ತಗ್ಗಿಸಿ ಕೂತರು.

ಊರ ಹಿರಿಯರು ಎದ್ದು ನಿಂತು, ಈ ಮನೆಯ ನಡುಗಂಬವಾಗಿದ್ದ ಫುವಾತಿನೋ ನಮ್ಮನ್ನಗಲಿದರು ಎಂದು ಭಾಷಣ ಆರಂಭಿಸಿದಾಗ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ಬೆಳಿಗ್ಗೆ ಬಸ್ಸು ಹತ್ತಿದ ಅತ್ತೆ! ಅಯ್ಯೋ, ಬಸ್ಸು ಎಲ್ಲಿ ಉರುಳಿತೋ, ಊರಿಗೆಲ್ಲ ಗೊತ್ತಾಗಿದೆ, ನಾನೊಬ್ಬ ಸಿನಿಮಾ ನೋಡುತ್ತಾ ಕೂತಿದ್ದೆನಲ್ಲ. ಅವರು ಗೋಳೋ ಎಂದು ಅತ್ತರು. ಅವರ ಅಳು ನೋಡಿ ಅಲ್ಲಿಯವರೆಗೆ ಅನುಮಾನವಿದ್ದವರೂ ನಂಬಿದರು. ಸಿನಿವಾ ಸಂಘದಿಂದ "ಅಮ್ಮಾ" ಎನ್ನುತ್ತಾ ಎದೆ ಬಡಿದುಕೊಂಡು ಓಡಿ ಬಂದಳು. ಬಂದವರಿಗೆ ಊಟ ಹಾಕಬೇಡವೇ? ಮೇಷ್ಟ್ರು ಅಳುತ್ತಲೇ ಹಂದಿಯ ಕಡೆ ಕೈ ತೋರಿಸಿದರು. ಎರಡು ವರ್ಷದ ಸಾಕಣೆ ಕಾದ ಕಲ್ಲಿನ ಒಲೆ ಸೇರಿತು.

ನಾಲ್ಕು ಗಂಟೆಗೆ ಬಸ್ಸು ನಿಂತಿತು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಮೀನಿನ ಡಬ್ಬಿ ಹಿಡಿದು ಅತ್ತೆ ಇಳಿದರು. ತಮ್ಮ ಅಂಗಳ ನೋಡಿ ಗಕ್ಕನೆ ನಿಂತರು. ಮೊದಲು ಅಳಬೇಕು, ವಿಚಾರಣೆ ಆಮೇಲೆ ಎಂಬುದು ತಿಳಿದ ಹೆಂಗಸು. ಸಾಮಾನು ಕೆಳಗಿಟ್ಟು ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಅತ್ತರು. ಕಣ್ಣೊರೆಸಿಕೊಂಡು ಪಕ್ಕದವಳನ್ನು ಕೇಳಿದರು:

"ಪಾಪ, ಯಾರಮ್ಮ ಹೋಗಿದ್ದು?"

ಪಕ್ಕದಲ್ಲಿದ್ದವಳು ಪೆಲೆ. ಅವಳು ತಿರುಗಿ ನೋಡಿ ಹೇಳಿದಳು: "ನೀವೇ."

ಆಮೇಲಿನ ಗೊಂದಲ ಹೇಳುವುದೇ ಬೇಡ. ತಾಯಿ ಮಗಳು ತಬ್ಬಿಕೊಂಡು ಅತ್ತರು, ನಕ್ಕರು, ಆಮೇಲೆ ಇಬ್ಬರೂ ಸೇರಿ ಮೇಷ್ಟ್ರ ಕಡೆ ತಿರುಗಿದರು. ಬೆಂದ ಹಂದಿಯನ್ನಂತೂ ಎದ್ದು ನಿಲ್ಲಿಸುವ ಹಾಗಿರಲಿಲ್ಲ. ಸರಿ, ಊರೆಲ್ಲ ಉಂಡಿತು. ಉಂಡ ಮೇಲೆ, ಇಷ್ಟೆಲ್ಲ ಮಾಡಿದ ಸಿನಿಮಾ ಯಾವುದು ತೋರಿಸಿ ಎಂದು ಹಟ ಹಿಡಿಯಿತು. ಅತ್ತೆ ತಟ್ಟಿಗಳನ್ನೆಲ್ಲ ಎತ್ತಿಸಿ ಮುಂದೆ ಕೂತರು. ಮಾರನೆಯ ಬೆಳಿಗ್ಗೆ ಕಳಿಸಲು ಮೇಷ್ಟ್ರ ಬಳಿ ಒಂದು ಸಾಲೂ ಇರಲಿಲ್ಲ. ಅತ್ತೆ ಆಡಿದ್ದನ್ನೇ ಗೀಚಿಕೊಂಡರು.

ಬಾಗಿಲಲ್ಲಿ ಮೂವರು ನಿಂತಿದ್ದರೂ ಉಂಡಿರಾ ಎಂದು ಕೇಳುವ ಬಾಯಿ ಆ ಮನೆಯಲ್ಲಿಲ್ಲ, ಇದು ಮೊದಲನೆಯ ದೋಷವಂತೆ. ಗೋಡೆಗಳಿಲ್ಲದಿದ್ದರೆ ಎಲ್ಲರೂ ಯಾವ ಕಡೆಯಿಂದಲಾದರೂ ಓಡಬಹುದಿತ್ತು, ಇದು ಎರಡನೆಯದು. ಕೊನೆಗೆ ಮುದುಕಿ ಮೆಲ್ಲಗೆ ಹೇಳಿದ್ದು ಇದು:

"ಅಷ್ಟು ಕಿರುಚಿದ್ರೂ ಪಕ್ಕದ ಮನೆಯಿಂದ ಒಬ್ಳು ಪೆಲೆನೂ ತಲೆ ಹಾಕ್ಲಿಲ್ಲ ನೋಡು. ನಂಗೆ ಅಲ್ಲೇ ಹೆದರಿಕೆ ಆಗಿದ್ದು. ಮುಖವಾಡದೋರಿಂದಲ್ಲ."

ಮೇಷ್ಟ್ರು ಅದನ್ನು ಅತ್ತೆಯ ಮಾತೆಂದೇ ಬರೆದು, ಮುಂದೊಂದು ಪುಟ, ಹಿಂದೊಂದು ಪುಟ ತಮ್ಮ ಘನ ವಿಚಾರಗಳನ್ನು ಸೇರಿಸಿ ಬಸ್ಸಿಗೆ ಕೊಟ್ಟರು.

ವಾರದೊಳಗೆ ಸಂಪಾದಕರ ಚೀಟಿ ಬಂತು. "ನಿಮ್ಮ ವಿಮರ್ಶೆಯ ಬಲ: ನಿಮ್ಮ ಅತ್ತೆ. ದೌರ್ಬಲ್ಯ: ಉಳಿದ ಎರಡು ಪುಟ. ಅಂಕಣವನ್ನು ಅವರಿಗೇ ಕೊಡಲು ತೀರ್ಮಾನಿಸಿದ್ದೇವೆ. ಅವರಿಗೆ ಬರೆಯಲು ಕಣ್ಣು ಸಾಲದಿದ್ದರೆ ತಾವು ಸಹಕರಿಸಬೇಕು."

ಈಗ ಪ್ರತಿ ಶುಕ್ರವಾರ ತಟ್ಟಿಗಳೆಲ್ಲ ಮೇಲಿರುತ್ತವೆ. ಊರಿಗೆಲ್ಲ ಕಾಣುವಂತೆ ಮೇಷ್ಟ್ರು ಪೆನ್ನು ಹಿಡಿದು ಚಾಪೆಯ ಮೇಲೆ ಕೂರುತ್ತಾರೆ. ಎದುರಿಗೆ ಅತ್ತೆ ಬೀಸಣಿಗೆ ಬೀಸಿಕೊಳ್ಳುತ್ತಾ ಹೇಳುತ್ತಾರೆ:

"ಹೂಂ, ಬರ್ಕೋ. ಸತ್ತವಳು ಹೇಳ್ತಿದೀನಿ, ಒಂದಕ್ಷರ ಬಿಡಬೇಡ."